ಶತಪದಿ: ಕಾಲೆಣಿಕೆಯ ಹೆಸರು, ಕಚ್ಚುವ ಹುಳು

ಕಬಿನಿಯ ದಂಡೆಯ ಕೊಳವಳ್ಳಿಯಂತಹ ಗಡಿಯೂರಿನಲ್ಲಿ ಒಂದು ಹುಳುವನ್ನು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಹೆಸರಿಸಬಹುದು. ಕಚ್ಚುವುದು ಜರಿ, ಮಲಯಾಳದಲ್ಲಿ ಪಳುತಾರ. ಮುಟ್ಟಿದೊಡನೆ ಸುರುಳಿ ಸುತ್ತುವುದು ಚೋರಟೆ, ಮಲಯಾಳದಲ್ಲಿ ತೇರಟ್ಟ. ಪುಸ್ತಕದ ಕನ್ನಡವಾದರೋ ಶತಪದಿ, ಸಹಸ್ರಪದಿ ಎನ್ನುತ್ತದೆ. ಇವೆರಡೂ ಇಂಗ್ಲಿಷಿನ ಸೆಂಟಿಪೀಡ್, ಮಿಲಿಪೀಡ್‌ಗಳ ಅನುವಾದವೆಂದು ತಿಳಿಯುವವರಿದ್ದಾರೆ. ಶತಪದಿಯ ಮಟ್ಟಿಗೆ ಈ ತಿಳಿವಳಿಕೆ ಸಲ್ಲದು.

ಲ್ಯಾಟಿನ್ನಿನಲ್ಲಿ ಕೆಂಟುಮ್ ನೂರು, ಮಿಲ್ಲೆ ಸಾವಿರ, ಪೇಸ್ ಕಾಲು. ಅವುಗಳಿಂದ ಕೆಂಟಿಪೆಡ, ಮಿಲ್ಲಿಪೆಡ. ಆದರೆ ಶತಪದೀ ಎಂಬುದು ಅಮರಕೋಶದಲ್ಲಿಯೇ ಕರ್ಣಜಲೌಕೆಯೊಡನೆ ಬರುತ್ತದೆ. ಸುಶ್ರುತಸಂಹಿತೆಯು ಅದರ ಎಂಟು ಬಗೆಗಳನ್ನು ವಿಷಜಂತುಗಳ ನಡುವೆ ಎಣಿಸುತ್ತದೆ. ಶತ ಮತ್ತು ಕೆಂಟುಮ್, ಪದ ಮತ್ತು ಪೇಸ್ ಒಂದೇ ಮೂಲಭಾಷೆಯ ಕವಲುಗಳು. ಹೀಗಾಗಿ ಇವು ದಾಯಾದಿ ಪದಗಳೇ ಹೊರತು ಸಾಲಿಗ ಮತ್ತು ಸಾಹುಕಾರ ಅಲ್ಲ.

ಎಣಿಕೆಯ ಮಾತು ಬೇರೆ. ಒಂದನೆಯ ಶತಮಾನದ ಪ್ಲಿನಿ ತನ್ನ ಪ್ರಕೃತಿಚರಿತ್ರೆಯ 29ನೆಯ ಸಂಪುಟದಲ್ಲಿ ಮಿಲ್ಲಿಪೆಡ, ಕೆಂಟಿಪೆಡ, ಮುಲ್ಟಿಪೆಡ ಎಂಬ ಮೂರನ್ನೂ ಒಂದೇ ಹುಳುವಿಗೆ ಸಲ್ಲಿಸುತ್ತಾನೆ. ಅವನಿಗೆ ನೂರು, ಸಾವಿರ ಎಂದರೆ ‘ಬಹಳ’ ಎಂದಷ್ಟೇ. ಪ್ರಾಣಿಶಾಸ್ತ್ರವೂ ಈ ಹೆಸರುಗಳನ್ನು ಅಕ್ಷರಶಃ ಒಪ್ಪದು. ಬೆಳೆದ ಜರಿಯ ಕಾಲುಜೋಡಿಗಳು 15ರಿಂದ 191ರವರೆಗೆ ಬೆಸಸಂಖ್ಯೆಯಲ್ಲಿಯೇ ಇರುವುದರಿಂದ ಸರಿಯಾಗಿ ನೂರು ಕಾಲು (ಅಂದರೆ ಐವತ್ತು ಜೋಡಿ) ಅದಕ್ಕೆ ಬಾರದು. ಸಾವಿರವನ್ನು ನಿಜವಾಗಿ ದಾಟಿದ ಸಹಸ್ರಪದಿ ವಿದ್ವಾಂಸರಿಗೆ ದೊರೆತದ್ದು ಪಶ್ಚಿಮ ಆಸ್ಟ್ರೇಲಿಯದ ನೆಲದಾಳದಲ್ಲಿ. 2021ರಲ್ಲಿ ವರ್ಣಿಸಿದ ಅದಕ್ಕೆ 1,306 ಕಾಲುಗಳು. ಹೆಸರಿಟ್ಟು ಎರಡು ಸಾವಿರ ವರ್ಷ ಕಾದದ್ದಾಯಿತು!

ನಿಜವಾದ ಭೇದ ದೇಹದ ರಚನೆಯಲ್ಲಿದೆ. ಜರಿಗೆ ಖಂಡಕ್ಕೊಂದು ಜೋಡಿ ಕಾಲು. ಮೊದಲ ಜೋಡಿ ವಿಷದ ಕೊಂಡಿಯಾಗಿ ಮಾರ್ಪಟ್ಟಿದೆ. ಚೋರಟೆಗೆ ಬಹುಪಾಲು ಖಂಡಗಳಲ್ಲಿ ಎರಡೆರಡು ಜೋಡಿ. ವಿಷದ ಕೊಂಡಿಯಿಲ್ಲ, ಹಲವು ಬಗೆಗಳು ನಾರುವ ದ್ರವವನ್ನು ಒಸರಿ ಪಾರಾಗುತ್ತವೆ. ಕಾಲೆಣಿಸುವ ಹೆಸರುಗಳು ಈ ಭೇದವನ್ನು ಮರೆಸುತ್ತವೆ. ಮನೆಮಾತಿನ ಹೆಸರುಗಳು ಉಳಿಸಿಕೊಂಡಿವೆ. ಮಗು ಅಳುತ್ತ ಬಂದಾಗ ತಾಯಿಗೆ ಬೇಕಾದದ್ದು ಜರಿಯೋ ಚೋರಟೆಯೋ ಎಂಬ ಉತ್ತರ.

ಆದುದರಿಂದ ನನ್ನ ಆಕ್ಷೇಪ ಶತಪದಿಯ ಮೇಲಲ್ಲ, ಪದಸಂಗ್ರಹದ ಕ್ರಮದ ಮೇಲೆ. ಗಡಿಯೂರುಗಳ ಮಾತುಗಳಿಂದ ಇಂತಹ ಹೆಸರನ್ನು ಬರೆದುಕೊಳ್ಳುವವರು ಅರ್ಥದ ಕಲಮಿನಲ್ಲಿ ‘ಒಂದು ಬಗೆಯ ಶತಪದಿ’ ಎಂದು ಮುಗಿಸಿದರೆ ಹೇಳಿದವರ ತಿಳಿವಳಿಕೆಯ ಮುಖ್ಯಭಾಗವೇ ಬಿಟ್ಟುಹೋಗುತ್ತದೆ. ಕಚ್ಚುವುದೇ, ಸುರುಳಿ ಸುತ್ತುವುದೇ, ಎಲ್ಲಿ ಅಡಗುವುದು ಎಂಬುದನ್ನು ಕೇಳಿ, ಆ ಉತ್ತರವನ್ನು ಅವರದೇ ಮಾತಿನಲ್ಲಿ ಪದದ ಪಕ್ಕದಲ್ಲಿ ಬರೆಯಬೇಕು.