ಸುಟ್ಟ ಗೆರೆ, ತೊಯ್ದ ಬಣ್ಣ: ಹಾಸನ ಸೀಮೆಯ ಹಿನ್ನೆಲೆಯಲ್ಲಿ ಒಂದು ವಿಮರ್ಶೆ

ಕನ್ನಡದ ‘ಬರೆ’ ಎಂಬ ಒಂದೇ ಶಬ್ದ ಬರವಣಿಗೆಯನ್ನೂ ಚಿತ್ರಿಸುವುದನ್ನೂ ಕಾದ ಕಬ್ಬಿಣ ಮೈಮೇಲೆ ಉಳಿಸುವ ಗುರುತನ್ನೂ ಸೂಚಿಸುತ್ತದೆ. ಹಲಗೆಯ ಮೇಲೆ ಕಾದ ಮೊನೆಯಿಂದ ಗೆರೆ ಸುಟ್ಟು ಚಿತ್ರ ಮೂಡಿಸುವ ಪೈರೋಗ್ರಫಿಗೆ ಇದಕ್ಕಿಂತ ಹತ್ತಿರದ ಶಬ್ದ ಸಿಗಲಾರದು. ಅರಕಲಗೂಡು ತಾಲ್ಲೂಕಿನ ರಾಮನಾಥಪುರ, ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟ, ಇವೆರಡೂ ದನಗಳ ಜಾತ್ರೆಗೆ ಹೆಸರಾದ ಸ್ಥಳಗಳು. ಹಿಂದಿನ ಕಾಲದ ಎತ್ತಿನ ಮೈಮೇಲೆ ಬರೆಯೂ ಕೊಂಬಿನ ಮೇಲೆ ಬಣ್ಣವೂ ಜೊತೆಯಾಗಿಯೇ ಇರುತ್ತಿದ್ದವು. ಬರೆ ಆಯುಷ್ಯವಿರುವಷ್ಟು ಕಾಲ ಉಳಿಯುತ್ತಿತ್ತು. ಬಣ್ಣ ಮುಂದಿನ ಮಳೆಗಾಲಕ್ಕೆ ಮಾಸುತ್ತಿತ್ತು. ಸುಟ್ಟ ಗೆರೆಯೊಂದಿಗೆ ಜಲವರ್ಣವನ್ನೂ ಬಣ್ಣದ ಪೆನ್ಸಿಲನ್ನೂ ಕೂಡಿಸುವ ಮಿಶ್ರಮಾಧ್ಯಮದ ಮೂಲ ಪ್ರಶ್ನೆಯೂ ಇದೇ: ಅಳಿಸಲಾಗದ ಗೆರೆಯ ಪಕ್ಕದಲ್ಲಿ ಅಳಿಯುವ ಬಣ್ಣಕ್ಕೆ ಏನು ಕೆಲಸ?

ಈ ಮಾಧ್ಯಮದಲ್ಲಿ ಕ್ರಮವನ್ನು ಕಲಾವಿದನ ಇಚ್ಛೆಗಿಂತ ಮರವೇ ಹೆಚ್ಚು ನಿರ್ಧರಿಸುತ್ತದೆ. ಮೊದಲು ಹಲಗೆಯನ್ನು ತುಸು ಒದ್ದೆ ಮಾಡಿ, ಒಣಗಿಸಿ, ಎದ್ದು ನಿಂತ ನಾರನ್ನು ಮರಳುಕಾಗದದಿಂದ ಉಜ್ಜಬೇಕು. ಇಲ್ಲವಾದರೆ ಆಮೇಲೆ ಜಲವರ್ಣದ ನೀರು ತಗಲಿದೊಡನೆ ಮೈ ಒರಟಾಗುತ್ತದೆ. ಸುಡುವುದು ಬಣ್ಣಕ್ಕಿಂತ ಮೊದಲು. ಬಣ್ಣದ ಮೇಲೆ ಕಾದ ಮೊನೆ ಇಟ್ಟರೆ ಏಳುವ ಹೊಗೆ ಆರೋಗ್ಯಕ್ಕೆ ಹಾನಿಕರ, ಮೊನೆಯೂ ಕೊಳೆಯಾಗುತ್ತದೆ. ಅಂಟಿನಿಂದ ಕೂಡಿಸಿದ ಪ್ಲೈವುಡ್ಡಿನ ಹೊಗೆಯ ಬಗೆಗೂ ಇದೇ ಎಚ್ಚರ ಅಗತ್ಯ. ಸುಟ್ಟ ಗೆರೆ ಒಂದು ತೆಳುವಾದ ತಗ್ಗು. ಗದ್ದೆಯ ಬದು ನೀರನ್ನು ತಡೆಯುವಂತೆ ಅದು ಜಲವರ್ಣವನ್ನು ತನ್ನ ಅಂಚಿನಲ್ಲಿ ನಿಲ್ಲಿಸುತ್ತದೆ. ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿ ಬಣ್ಣ ನಾರಿನ ಜಾಡು ಹಿಡಿದು ಹರಿದುಬಿಡುತ್ತದೆ. ಪೆನ್ಸಿಲ್ಲಿನ ಮೇಣ ನೀರನ್ನು ಒಲ್ಲದಾದ್ದರಿಂದ ಅದರ ಸರದಿ ಕೊನೆಯದು. ಹೀಗೆ ಬೆಂಕಿ, ನೀರು, ಮೇಣ ಎಂಬ ಅನುಕ್ರಮ ಏರ್ಪಡುತ್ತದೆ. ಚನ್ನಪಟ್ಟಣದ ಗೊಂಬೆಗಳಿಗೆ ಒದಗುವ ಹಾಲೆ ಮರದಂಥ ಬಿಳಿಚು ಮರ ಇದಕ್ಕೆ ಹೊಂದುತ್ತದೆ. ಬೀಟೆಯ ಮೇಲೆ ಗೆರೆಯೂ ಕಾಣದು, ಬಣ್ಣವೂ ಕಾಣದು. ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಹಾಸನ ಜಿಲ್ಲೆಗೆ ಚಿರಪರಿಚಿತ. ಆದರೆ ಅದರ ಮೈಮೇಲಿನ ಹೊಳೆವ ಮಚ್ಚೆಗಳು ತಾವೇ ಒಂದು ಚಿತ್ರವಾಗಿರುವುದರಿಂದ ಸಣ್ಣ ಮುಖಗಳನ್ನು ನುಂಗಿಹಾಕುತ್ತವೆ.

ಯೂರೋಪು ಮತ್ತು ಅಮೆರಿಕದಲ್ಲಿ 19ನೆಯ ಶತಮಾನದ ಕೊನೆಗೆ ಈ ಕಲೆ ಮನೆಮನೆಯ ಹವ್ಯಾಸವಾಯಿತು. ಶಸ್ತ್ರವೈದ್ಯರು ಗಾಯ ಸುಡಲು ಬಳಸುತ್ತಿದ್ದ ಪ್ಲಾಟಿನಂ ಮೊನೆಯ ಸಲಕರಣೆ ಚಿತ್ರಗಾರರ ಕೈಗೆ ಬಂದದ್ದು ಇದಕ್ಕೆ ಕಾರಣ. ನಮೂನೆ ಮುದ್ರಿಸಿದ ಪೆಟ್ಟಿಗೆ, ಹಲಗೆಗಳು ಮಾರಾಟಕ್ಕೆ ಬಂದವು. ಕೊಂಡವರು ಗೆರೆಯನ್ನು ಸುಟ್ಟು ನಡುವೆ ಬಣ್ಣ ತುಂಬಿದರೆ ಮುಗಿಯಿತು. ಅಲ್ಲಿಗೆ ಗೆರೆ ಬೇಲಿಯಾಯಿತು, ಬಣ್ಣ ಬೇಲಿಯೊಳಗಿನ ಬೆಳೆಯಾಯಿತು. ಈಗ ಛಾಯಾಚಿತ್ರವನ್ನು ಹಲಗೆಗೆ ಇಳಿಸಿಕೊಂಡು ಸುಡುವ ರೂಢಿ ಆ ದೋಷವನ್ನೇ ಹೊಸ ಸಲಕರಣೆಯಿಂದ ಮುಂದುವರಿಸಿದೆ.

ಹೊಯ್ಸಳ ಶಿಲ್ಪವನ್ನು ಮರಕ್ಕೆ ತರುವಾಗ ಈ ದೋಷ ಎದ್ದು ಕಾಣುತ್ತದೆ. ಹಾಸನ ತಾಲ್ಲೂಕಿನ ಮೊಸಳೆ, ದೊಡ್ಡಗದ್ದವಳ್ಳಿ. ಹೊಳೆನರಸೀಪುರದ ಲಕ್ಷ್ಮೀನರಸಿಂಹ ದೇವಾಲಯ. ಬೈಚೋಜ, ಮಲ್ಲಿತಮ್ಮರು ಕೆಲಸ ಮಾಡಿದ 1246ರ ನುಗ್ಗೇಹಳ್ಳಿ: ಮಾದರಿಗಳಿಗೆ ಈ ಸೀಮೆಯಲ್ಲಿ ಬರವಿಲ್ಲ. ಆದರೆ ಬಳಪದ ಕಲ್ಲಿನಲ್ಲಿ ಕಪ್ಪು ಎಂಬುದು ಬಳಿದದ್ದಲ್ಲ, ಉಳಿಯು ಒಳಹೊಕ್ಕ ಆಳ. ಹೂಮಾಲೆಯ ಹಿಂದಿನ ಟೊಳ್ಳಿನಲ್ಲಿ ನೆರಳು ಸೇರಿಕೊಳ್ಳುತ್ತದೆ, ಹೊತ್ತಿಗೆ ತಕ್ಕಂತೆ ಅದು ಸರಿಯುತ್ತದೆ. ಪ್ರತಿಯೊಂದು ಆಭರಣದ ಅಂಚನ್ನೂ ಸಮನಾಗಿ ಸುಟ್ಟು, ಒಡವೆಗೆ ಹಳದಿ ಪೆನ್ಸಿಲ್ ತೀಡಿದಾಗ ಉಳಿಯುವುದು ಆಭರಣದ ಪಟ್ಟಿಯೇ ಹೊರತು ಶಿಲ್ಪವಲ್ಲ. ಆಳವಿರುವಲ್ಲಿ ಮಾತ್ರ ಸುಟ್ಟು, ಬೆಳಕು ಬೀಳುವಲ್ಲಿ ಮರವನ್ನು ಬರಿದಾಗಿ ಬಿಡುವ ಧೈರ್ಯ ಅಪರೂಪ. ಹಾಗೆ ಬಿಟ್ಟ ಹಲಗೆಗೆ ತೆಳುವಾದ ಒಂದು ನೀಲಿ ತೊಳೆತ ಸಾಕು.

ಬಣ್ಣದ ವಿಚಾರಕ್ಕೆ ಸಮೀಪದಲ್ಲೇ ಉತ್ತಮ ಪಾಠವಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಜೈನ ಮಠದ ಭಿತ್ತಿಚಿತ್ರಗಳಲ್ಲಿ ಷಡ್ಲೇಶ್ಯೆಯ ದೃಷ್ಟಾಂತವೊಂದಿದೆ. ಹಣ್ಣಿಗಾಗಿ ಮರದ ಬಳಿ ಬಂದ ಆರು ಮಂದಿಯಲ್ಲಿ ಬುಡವನ್ನೇ ಕಡಿಯಹೊರಟವನು ಕೃಷ್ಣಲೇಶ್ಯೆಯವನು. ನೆಲಕ್ಕೆ ಬಿದ್ದ ಹಣ್ಣಿನಿಂದ ತೃಪ್ತನಾಗುವವನು ಶುಕ್ಲಲೇಶ್ಯೆಯವನು. ಉಳಿದ ನಾಲ್ವರು ನಡುವಿನ ಬಣ್ಣಗಳವರು. ಮನಸ್ಸಿನ ಭಾವವನ್ನು ಬಣ್ಣದ ಹೆಸರಿನಿಂದಲೇ ಗುರುತಿಸುವ ಈ ಪರಿಕಲ್ಪನೆಯಲ್ಲಿ ಬಣ್ಣವನ್ನು ತೆಗೆದರೆ ಕಥೆಯೇ ಉಳಿಯದು. ಮರದ ಮೇಲಣ ಮಿಶ್ರಮಾಧ್ಯಮಕ್ಕೆ ಬೇಕಾದ ಅಳತೆಗೋಲು ಇಂಥದು. ಗುಲಾಬಿ ಕೆಂಪಗಿದೆ ಎಂಬುದು ಹಲಗೆಯ ಮೇಲೆ ಕೆಂಪು ಬಳಿಯಲು ಸಾಕಾದ ಕಾರಣವಲ್ಲ.

ಇಂಥ ಕೃತಿಯನ್ನು ಚಿತ್ರವೆನ್ನಬೇಕೋ ಶಿಲ್ಪವೆನ್ನಬೇಕೋ ಕರಕುಶಲವೆನ್ನಬೇಕೋ ಎಂಬ ಗೊಂದಲ ಸಹಜ. ಲಲಿತಕಲೆಗೂ ಶಿಲ್ಪಕಲೆಗೂ ಬೇರೆ ಬೇರೆ ಅಕಾಡೆಮಿಗಳಿರುವ ನಾಡಿನಲ್ಲಿ ನಡುವೆ ನಿಂತ ಕೃತಿ ಮೇಳದ ಮಳಿಗೆಯ ನಾಮಫಲಕಗಳ ಸಾಲಿಗೆ ಸೇರಿಬಿಡುವ ಅಪಾಯವಿದೆ. ಬೆಲೆಯೂ ವಿಮರ್ಶೆಯೂ ಆ ಸಾಲಿಗೆ ತಕ್ಕಂತೆಯೇ ದೊರೆಯುತ್ತವೆ. ಆದರೆ ವರ್ಗೀಕರಣಕ್ಕಿಂತ ಕಠಿಣವಾದ ಪರೀಕ್ಷಕನೆಂದರೆ ಬಿಸಿಲು. ಅಗ್ಗದ ಪೆನ್ಸಿಲ್ಲಿನ ಕೆಂಪು, ನೇರಳೆಗಳು ಮೊದಲು ಮಾಸುತ್ತವೆ. ಹಗುರವಾಗಿ ಸುಟ್ಟ ಕಂದು ಛಾಯೆಗಳು ಕ್ರಮೇಣ ತಿಳಿಯಾಗುತ್ತವೆ. ಹಲಗೆಯ ಬಿಳುಪು ಹಳದಿಗೆ ತಿರುಗುತ್ತದೆ. ಪೂರ್ಣವಾಗಿ ಇದ್ದಿಲಾದ ಗೆರೆ ಮಾತ್ರ ಹಾಗೆಯೇ ನಿಲ್ಲುತ್ತದೆ. ಹಾಸನದ ನಡುಮನೆಯೊಂದರಲ್ಲಿ ಕಿಟಕಿಗೆ ಎದುರಾಗಿ ತೂಗುಹಾಕಿದ ಇಂಥ ಹಲಗೆಯನ್ನು ವರ್ಷಗಳ ತರುವಾಯ ನೋಡುವವರಿಗೆ ಕಾಣಸಿಗುವುದು ಬಹುಮಟ್ಟಿಗೆ ಆ ಗೆರೆಯೇ.