ಕಡಲತೀರದ ಮಗುವನ್ನು ಮನೆಗೆ ಕಳಿಸೋಣ

ಪೆಂಟೆಕೋಸ್ಟ್ ಕಳೆದು ಬರುವ ಭಾನುವಾರ ಪರಮ ತ್ರಿತ್ವದ ಹಬ್ಬ. ಅಂದಿನ ಶೆರ್ಮಾಂವ್ (ಪ್ರವಚನ) ಏನಿರುತ್ತದೆಂದು ನಮ್ಮ ಕರಾವಳಿಯಲ್ಲಿ ಹಿಂದಿನ ರಾತ್ರಿಯೇ ಹೇಳಿಬಿಡಬಹುದು. ಸಂತ ಆಗಸ್ಟೀನರು ತ್ರಿತ್ವದ ಚಿಂತೆಯಲ್ಲಿ ಕಡಲ ದಂಡೆಯ ಮೇಲೆ ನಡೆಯುತ್ತಾರೆ. ಮಗುವೊಂದು ಚಿಪ್ಪಿನಲ್ಲಿ ನೀರು ಮೊಗೆದು ಮರಳಿನ ಗುಳಿಗೆ ಸುರಿಯುತ್ತಿರುತ್ತದೆ. ಗುಳಿಯಲ್ಲಿ ಕಡಲು ಹಿಡಿಸದು, ತಲೆಯಲ್ಲಿ ದೇವರು ಹಿಡಿಸನು; ಇದು ರಹಸ್ಯ, ಕೇಳಬಾರದು, ನಂಬಬೇಕು. ಈ ತೀರ್ಪನ್ನು ಕೇಳಿ ಕೇಳಿ ನನಗೆ ರೇಗಿಹೋಗಿದೆ.

ಈ ಕಥೆ ಆಗಸ್ಟೀನರ ಯಾವ ಬರಹದಲ್ಲೂ ಇಲ್ಲ. ಅವರು ತೀರಿಕೊಂಡು ಶತಮಾನಗಳಾದ ಮೇಲೆ ಹುಟ್ಟಿದ್ದು. ತ್ರಿತ್ವದ ಮೇಲೆ 15 ಸಂಪುಟ ಬರೆದ ಮನುಷ್ಯನನ್ನು 'ಬರೆಯಬೇಡ' ಎಂಬ ನೀತಿಕಥೆಯ ನಾಯಕನನ್ನಾಗಿ ಮಾಡಿದ್ದೇವೆ. ದೊತೊರ್ನ್ (ಧರ್ಮೋಪದೇಶ) ತರಗತಿಯ ಮಂಜುಗಡ್ಡೆ, ನೀರು, ಹಬೆಯ ಉದಾಹರಣೆ ಇದಕ್ಕಿಂತ ಅನಾಹುತದ್ದು. ಒಬ್ಬನೇ ದೇವರು ಮೂರು ವೇಷ ಹಾಕುತ್ತಾನೆ ಎಂಬ ಸಬೆಲ್ಲಿಯಸನ ವಾದವನ್ನು ಸಭೆ ಮೂರನೆಯ ಶತಮಾನದಲ್ಲೇ ತಳ್ಳಿಹಾಕಿತ್ತು. ಅದನ್ನೇ ನಾವು ಮಕ್ಕಳಿಗೆ ಉರು ಹೊಡೆಸುತ್ತೇವೆ.

ನನ್ನ ಪಕ್ಷ ಯಾರದೆಂದು ಮೊದಲೇ ಹೇಳಿಬಿಡುತ್ತೇನೆ: ನಾಲ್ಕನೆಯ ಶತಮಾನದ ದೇವಶಾಸ್ತ್ರಜ್ಞ ನಾಜಿಯಾಂಜಸಿನ ಗ್ರೆಗರಿಯದು. ಗೆಳೆಯ ಬೆಸಿಲ್ ತನ್ನ ಸಭಾ ರಾಜಕೀಯಕ್ಕಾಗಿ ಇವನನ್ನು ಸಸೀಮಾ ಎಂಬ ಧೂಳು ತುಂಬಿದ ದಾರಿಯೂರಿಗೆ ಬಿಷಪನನ್ನಾಗಿ ಮಾಡಿದ. ಗ್ರೆಗರಿ ಆ ಪೀಠವನ್ನು ಹಿಡಿದು ಕೂರಲಿಲ್ಲ. 379ರಲ್ಲಿ ಕಾನ್‌ಸ್ಟಾಂಟಿನೋಪಲ್‌ಗೆ ಬಂದಾಗ ಅಲ್ಲಿನ ದೊಡ್ಡ ಇಗರ್ಜಿಗಳೆಲ್ಲ ಸುತನ ಪೂರ್ಣ ದೈವತ್ವವನ್ನು ಒಪ್ಪದ ಆರಿಯನರ ಕೈಯಲ್ಲಿದ್ದವು. ಇವನಿಗೆ ಸಿಕ್ಕಿದ್ದು 'ಅನಸ್ತಾಸಿಯಾ' ಎಂದು ಕರೆದ ಪುಟ್ಟ ಪ್ರಾರ್ಥನಾಲಯ. ಈಸ್ಟರ್ ಜಾಗರಣೆಯಲ್ಲಿ ಜನ ನುಗ್ಗಿ ಕಲ್ಲು ತೂರಿದರು. ಅಲ್ಲೇ ನಿಂತು 380ರಲ್ಲಿ ಐದು ದೇವಶಾಸ್ತ್ರೀಯ ಉಪನ್ಯಾಸ ಕೊಟ್ಟ. ಪವಿತ್ರಾತ್ಮರ ಬಗ್ಗೆ ಗ್ರಂಥವನ್ನೇ ಬರೆದ ಬೆಸಿಲ್, ಆತ್ಮವನ್ನು ನೇರವಾಗಿ 'ದೇವರು' ಎನ್ನಲು ಅಳುಕಿದ್ದ. ಗ್ರೆಗರಿ ಅಳುಕಲಿಲ್ಲ.

ಐದನೆಯ ಉಪನ್ಯಾಸದಲ್ಲಿ ಅವನ ವಾದ ಇಷ್ಟು. ಹಳೆಯ ಒಡಂಬಡಿಕೆ ಪಿತನನ್ನು ಬಹಿರಂಗವಾಗಿ, ಸುತನನ್ನು ಮಸುಕಾಗಿ ತೋರಿಸಿತು. ಹೊಸದು ಸುತನನ್ನು ಸ್ಪಷ್ಟಪಡಿಸಿ, ಆತ್ಮದ ದೈವತ್ವವನ್ನು ಸೂಚಿಸಿತು. ಈಗ ಆತ್ಮವೇ ನಮ್ಮ ನಡುವೆ ನೆಲೆಸಿ ತನ್ನನ್ನು ತಿಳಿಸಿಕೊಡುತ್ತಿದೆ. ಒಂದೇ ಸಲ ಯಾಕಲ್ಲ? ಅರಗಿಸಿಕೊಳ್ಳಲಾಗದವನಿಗೆ ಅಳತೆ ಮೀರಿ ಬಡಿಸಬಾರದು, ಅದಕ್ಕೆ. ದೇವರು ಇಲ್ಲಿ ಬಾಯಿ ಮುಚ್ಚಿಸುವವನಲ್ಲ, ಪಾಠ ಹೇಳುವವನು. ಕೇಳುವವರ ಶಕ್ತಿ ನೋಡಿ ಹೆಜ್ಜೆ ಹಾಕುವವನು. 'ನೈಸಿಯಾದಲ್ಲಿ 325ರಲ್ಲಿ ವೋಟು ಹಾಕಿ ಕಟ್ಟಿದ ದೇವರು' ಎನ್ನುವ ವಿಚಾರವಾದಿಗೂ ಇದೇ ಉತ್ತರ. ಆತನೂ ನಮ್ಮ ಭಕ್ತನ ಹಾಗೆಯೇ, ಸತ್ಯವೆಂದರೆ ಒಂದೇ ದಿನ ಇಡಿಯಾಗಿ ಇಳಿದುಬರಬೇಕೆಂದುಕೊಂಡಿದ್ದಾನೆ.

ಆಗಸ್ಟೀನರಿಗೆ ನಾನು ಅನ್ಯಾಯ ಮಾಡುತ್ತಿದ್ದೇನೆ ಎನ್ನುವವರಿದ್ದಾರೆ. ಮಾಡುತ್ತೇನೆ. ನೆನಪು, ಅರಿವು, ಇಚ್ಛೆ ಎಂದು ಮನಸ್ಸಿನೊಳಗೆ ತ್ರಿತ್ವದ ಪಡಿಯಚ್ಚು ಹುಡುಕಿದ ಆ ಮಹಾನುಭಾವರು ದೇವರನ್ನು ಚರಿತ್ರೆಯಿಂದ ಎತ್ತಿ ತಲೆಯೊಳಗೆ ಕೂರಿಸಿದರು. ಗ್ರೆಗರಿಯ ದೇವರು ದಾರಿಯಲ್ಲಿ ಸಿಗುತ್ತಾನೆ. ಮಮ್ರೆಯ ಮರಗಳ ಬಳಿ ಸುಡುಬಿಸಿಲಲ್ಲಿ ಮೂವರು ಬಂದು ನಿಂತಾಗ ಅಬ್ರಹಾಮ ವಿಚಾರಿಸುತ್ತ ಕೂರಲಿಲ್ಲ. ಕಾಲಿಗೆ ನೀರು ಕೊಟ್ಟ, ರೊಟ್ಟಿ ಸುಡಿಸಿದ, ಎಳೆಗರುವಿನ ಅಡುಗೆ ಬಡಿಸಿದ. ಬಂದವರು ಯಾರೆಂಬ ಪ್ರಶ್ನೆ ಶತಮಾನಗಳ ಕಾಲ ಬೆಳೆಯಿತು. ಜೋರ್ಡಾನಿನಲ್ಲಿ ಸುತ ನೀರಿನಿಂದ ಮೇಲೆ ಬಂದ, ಆತ್ಮ ಪಾರಿವಾಳದಂತೆ ಇಳಿಯಿತು, ಪಿತನ ದನಿ ಕೇಳಿಸಿತು. ಮತ್ತಾಯ ಒಂದು ಮಾತಿನ ವಿವರಣೆಯನ್ನೂ ಕೊಡದೆ ಮುಂದೆ ಹೋಗುತ್ತಾನೆ.

ಹೀಗೆ ಹೆಜ್ಜೆಹೆಜ್ಜೆಯಾಗಿ ತೆರೆದು ಹೇಳುವ ಕ್ರಮ ನಮಗೆ ಹೊಸತೇನಲ್ಲ. ಪಾದ್ರಿ ಥಾಮಸ್ ಸ್ಟೀಫನ್ಸರ 'ಕ್ರಿಸ್ತಪುರಾಣ' (1616) ಸುಮಾರು 11,000 ಓವಿಗಳಲ್ಲಿ ಹಳೆಯ ಒಡಂಬಡಿಕೆಯನ್ನು ಮೊದಲ ಪುರಾಣವಾಗಿ, ಹೊಸದನ್ನು ಎರಡನೆಯದಾಗಿ ಹೇಳುತ್ತದೆ. 1907ರಲ್ಲಿ ಅದನ್ನು ಮತ್ತೆ ಅಚ್ಚಿಗೆ ತಂದದ್ದು ಮಂಗಳೂರು. ಇನ್ನು ಚಾರ್ಮಾಡಿ ಘಟ್ಟದ ಬುಡದ ನೆರಿಯಕ್ಕೆ ಹೋಗಿ. ಕೇರಳದಿಂದ ಬಂದು ರಬ್ಬರ್ ಹಾಕಿದ ಸಿರೋ-ಮಲಬಾರ್ ಕುಟುಂಬಗಳು ಅಲ್ಲಿವೆ. 1999ರಲ್ಲಿ ಬೆಳ್ತಂಗಡಿ ಅವರ ಧರ್ಮಪ್ರಾಂತ್ಯವಾಯಿತು. ಅವರ ಪಂಚಾಂಗದಲ್ಲಿ 'ದನಹಾ' ಎಂಬ ಋತುವೇ ಇದೆ: ಜೋರ್ಡಾನಿನ ದೀಕ್ಷಾಸ್ನಾನ, ತ್ರಿತ್ವ ಪ್ರಕಟವಾದ ಗಳಿಗೆ, ವಾರಗಟ್ಟಲೆ ಧ್ಯಾನಿಸುವ ಕಾಲ. ಅದೇ ತಾಲೂಕಿನ ಕೊಂಕಣಿ ಇಗರ್ಜಿಗಳಲ್ಲಿ ನಾವು ವರ್ಷಕ್ಕೊಂದು ಭಾನುವಾರ ಚಿಪ್ಪಿನ ಕಥೆ ಕೇಳಿ ಮನೆಗೆ ಬರುತ್ತೇವೆ.

'ಜನಕ್ಕೆ ಇಷ್ಟೆಲ್ಲ ಬೇಡ' ಎಂಬ ಸಮಜಾಯಿಷಿ ನನ್ನನ್ನು ಇನ್ನಷ್ಟು ಕೆರಳಿಸುತ್ತದೆ. ಯಾವ ಜನ? ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯ ಈ ಜನ ತಾಳಮದ್ದಳೆಯಲ್ಲಿ ವಾಲಿ ರಾಮನನ್ನು ಧರ್ಮದ ಮೇಲೆ ಪಾಟೀಸವಾಲು ಮಾಡುವುದನ್ನು ನಡುರಾತ್ರಿಯವರೆಗೆ ಕೇಳುತ್ತಾರೆ. ಅರ್ಥಧಾರಿ ತಡವರಿಸಿದರೆ ಮರುದಿನ ಹೋಟೆಲಿನಲ್ಲಿ ವಿಮರ್ಶೆ ಮಾಡುತ್ತಾರೆ. ತರ್ಕ ಅರಗದ ಜನ ಇವರಲ್ಲ. 'ರಹಸ್ಯ' ಎಂದು ಕೈಮುಗಿದು ಮುಂದೆ ಹೋಗುವುದು ಕನ್ನಡದ ಓದಿಗೇ ಅಂಟಿದ ರೋಗ. ಅಲ್ಲಮನನ್ನು 'ಬೆಡಗು' ಎಂದು ಕೈಮುಗಿದು ಬದಿಗಿಡುತ್ತೇವೆ, ಕುಮಾರವ್ಯಾಸನನ್ನು 'ರೂಪಕ ಸಾಮ್ರಾಜ್ಯದ ಚಕ್ರವರ್ತಿ' ಎಂದು ಹೊಗಳಿ ಪುಸ್ತಕ ಮುಚ್ಚುತ್ತೇವೆ. ಭಕ್ತಿಯ ಹೆಸರಿನಲ್ಲಿ ಓದು ತಪ್ಪಿಸಿಕೊಳ್ಳುವುದು ನಮಗೆ ರೂಢಿಯಾಗಿದೆ.

ದೇವರು ಹಂತಹಂತವಾಗಿ ತನ್ನನ್ನು ತಿಳಿಸಿಕೊಟ್ಟನೆಂಬ ಗ್ರೆಗರಿಯ ಮಾತನ್ನು ಕಥೋಲಿಕ ಧರ್ಮಸಭೆಯ ಧರ್ಮೋಪದೇಶವೇ 684ನೆಯ ಕಂಡಿಕೆಯಲ್ಲಿ ಉದ್ಧರಿಸಿದೆ. ಪಾದ್ರಿಗಳೇ, ಬರುವ ತ್ರಿತ್ವದ ಭಾನುವಾರ ಅದನ್ನು ತೆರೆಯಿರಿ. ಮಮ್ರೆಯಿಂದ ಜೋರ್ಡಾನಿಗೆ, ಅಲ್ಲಿಂದ ಪೆಂಟೆಕೋಸ್ಟಿಗೆ ನಮ್ಮನ್ನು ಕ್ರಮವಾಗಿ ನಡೆಸಿ. ಹತ್ತು ನಿಮಿಷ ಹೆಚ್ಚಾದರೂ ಜನ ಕೂರುತ್ತಾರೆ.