ವೈಫೈ ಪ್ರಿಂಟರ್ ತಂದರೆ ತಾಪತ್ರಯ ಮುಗಿಯಿತೆ?

ವೈಫೈ ಪ್ರಿಂಟರ್ ಬಂದ ಮೇಲೆ, ಒಂದು ಪ್ರಿಂಟರನ್ನು ಎಲ್ಲರಿಗೂ ಹಂಚುವ ಪ್ರಿಂಟ್ ಸರ್ವರ್ ಎಂಬುದೆಲ್ಲ ಹಳೇ ಕಾಲದ ಕಸರತ್ತು ಎಂದು ಕಂಪ್ಯೂಟರ್ ಅಂಗಡಿಯವರು ಹೇಳುತ್ತಾರೆ, ಆಫೀಸಿನವರು ಹೌದೌದು ಅನ್ನುತ್ತಾರೆ. ಒಂದೇ ಹೊಸ ಪ್ರಿಂಟರ್ ಇರುವ ಮನೆಯ ಮಟ್ಟಿಗೆ ಈ ಮಾತು ಸರಿ. ಆದರೆ ನಮ್ಮ ಊರುಗಳ ಆಡಿಟರ್ ಕಚೇರಿಗೋ ಸಹಕಾರ ಸಂಘಕ್ಕೋ ಹೋಗಿ ನೋಡಿ. ಮೇಜಿನ ಮೇಲೆ ಕೂತಿರುವುದು ಕ್ಯಾನನ್ ಎಲ್‌ಬಿಪಿ 2900, ಇಲ್ಲವೇ ಎಚ್‌ಪಿ ಲೇಸರ್‌ಜೆಟ್ 1020. ಎರಡಕ್ಕೂ ವೈಫೈ ಇಲ್ಲ, ಯುಎಸ್‌ಬಿಯೇ ಗತಿ. ಹಾಗಂತ ಕೆಟ್ಟು ನಿಲ್ಲುವ ಲಕ್ಷಣವೂ ಇಲ್ಲ. ಟೋನರ್ ರೀಫಿಲ್ ಮಾಡಿಸಿದರೆ ಮತ್ತೆ ದುಡಿಯುತ್ತವೆ. ಇಂಥವನ್ನು ಗುಜರಿಗೆ ಹಾಕಿ ಎನ್ನುವ ಸಲಹೆಯಲ್ಲಿ ವ್ಯಾಪಾರವೇ ಹೆಚ್ಚು.

ವಿಂಡೋಸ್‌ನಲ್ಲೇ ಶೇರ್ ಮಾಡಿದರಾಯಿತಲ್ಲ ಎನ್ನುವವರಿದ್ದಾರೆ. ಬಹಳ ಕಡೆ ನಡೆಯುತ್ತಿರುವುದೂ ಅದೇ. ಗುಮಾಸ್ತರ ಪಿಸಿಗೆ ಪ್ರಿಂಟರ್ ಸಿಕ್ಕಿಸಿ ಉಳಿದವರಿಗೆ ಶೇರ್ ಕೊಟ್ಟಿರುತ್ತಾರೆ. ಅವರು ಪಿಸಿ ಆಫ್ ಮಾಡಿ ಊಟಕ್ಕೆ ಎದ್ದರೆ ಇಡೀ ಕಚೇರಿಯ ಪ್ರಿಂಟಿಂಗ್ ಬಂದ್. ಸಾಲದ್ದಕ್ಕೆ 2021ರ ಜುಲೈನಲ್ಲಿ, ಪ್ರಿಂಟ್ ಕೆಲಸಗಳನ್ನು ಸರದಿಗೆ ಹಾಕುವ ವಿಂಡೋಸಿನ ಪ್ರಿಂಟ್ ಸ್ಪೂಲರ್‌ನಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಎಂಬ ಭಾರಿ ಭದ್ರತಾ ಲೋಪ ಬಯಲಾಯಿತು. ಆ ಸೆಪ್ಟೆಂಬರ್‌ನ ಅಪ್‌ಡೇಟ್ ಸ್ಪೂಲರಿನ ಇನ್ನೊಂದು ಲೋಪವನ್ನು ಮುಚ್ಚಿದಾಗ, ಶೇರ್ ಆಗಿದ್ದ ಪ್ರಿಂಟರುಗಳು 11ಬಿ ಎಂದು ಮುಗಿಯುವ ದೋಷಸಂಖ್ಯೆ ತೋರಿಸಿ ಮುಷ್ಕರ ಹೂಡಿದವು. ಆಗ ಬಾಯಿಂದ ಬಾಯಿಗೆ ಹರಡಿದ ಮದ್ದು ಯಾವುದು? ಅಪ್‌ಡೇಟ್ ಕಿತ್ತುಹಾಕಿ, ಇಲ್ಲವೇ ರಿಜಿಸ್ಟ್ರಿಯಲ್ಲಿ ಒಂದು ಸೊನ್ನೆ ಬರೆಯಿರಿ. ಕಳ್ಳರ ಭಯಕ್ಕೆ ಹಾಕಿಸಿದ ಚಿಲಕವನ್ನು, ಬಾಗಿಲು ತೆರೆಯಲು ಕಷ್ಟವೆಂದು ಕಿತ್ತ ಹಾಗಾಯಿತು.

ಪ್ರಿಂಟ್ ಸರ್ವರ್ ಅಂದರೆ ಹಾಳೆಗಳನ್ನು ಸರದಿಯಲ್ಲಿ ನಿಲ್ಲಿಸುವ ಯಂತ್ರ ಎಂದಷ್ಟೇ ತಿಳಿದರೆ ಅದರ ಬೆಲೆ ಗೊತ್ತಾಗುವುದಿಲ್ಲ. ಎಲ್‌ಬಿಪಿ 2900ಕ್ಕೆ ಪೋಸ್ಟ್‌ಸ್ಕ್ರಿಪ್ಟ್, ಪಿಸಿಎಲ್ ಎಂಬ ಸಾಮಾನ್ಯ ಪ್ರಿಂಟರ್ ಭಾಷೆಗಳು ಬಾರವು. ಕ್ಯಾನನ್‌ನವರ ಸ್ವಂತ ‘ಕ್ಯಾಪ್ಟ್’ ಒಂದೇ ಗೊತ್ತು. ಹಳೇ ಪಿಸಿಯೊಂದಕ್ಕೆ ಲಿನಕ್ಸ್ ಹಾಕಿ ‘ಕಪ್ಸ್’ ಎಂಬ ಪ್ರಿಂಟ್ ಸರ್ವರ್ ತಂತ್ರಾಂಶ ನಡೆಸಿದರೆ ಕ್ಯಾಪ್ಟ್ ಡ್ರೈವರ್ ಅಲ್ಲೊಂದು ಕಡೆ ಇದ್ದರೆ ಸಾಕು. ವಿಂಡೋಸ್, ಮ್ಯಾಕ್, ಲಿನಕ್ಸ್, ಫೋನು ಎಲ್ಲವೂ ಐಪಿಪಿ ಎಂಬ ಮುದ್ರಣ ಪ್ರೋಟೊಕಾಲ್‌ನಲ್ಲಿ 631ನೇ ಪೋರ್ಟಿಗೆ ಪುಟ ಕಳಿಸುತ್ತವೆ, ಸರ್ವರ್ ಅದನ್ನು ಕ್ಯಾಪ್ಟ್‌ಗೆ ಬದಲಿಸಿ ಪ್ರಿಂಟರಿಗೆ ಕೊಡುತ್ತದೆ. ಪ್ರಿಂಟರಿನ ಇರವನ್ನು ಜಾಲದಲ್ಲಿ ಸಾರುವ ‘ಅವಾಹಿ’ ಎಂಬ ಸೇವೆ ಜೊತೆಗಿದ್ದರೆ ಆ ಹಳೇ ಕ್ಯಾನನ್ ಐಫೋನಿನಲ್ಲಿ ಏರ್‌ಪ್ರಿಂಟ್ ಪ್ರಿಂಟರ್ ಆಗಿ ಕಾಣಿಸುತ್ತದೆ. ಮೈಕೆಲ್ ಸ್ವೀಟ್ ಶುರು ಮಾಡಿದ ಕಪ್ಸ್ ಅನ್ನು ಆಪಲ್ 2002ರಲ್ಲಿ ಮ್ಯಾಕ್‌ಗೆ ಅಳವಡಿಸಿ, 2007ರಲ್ಲಿ ಕೊಂಡೇಬಿಟ್ಟಿತು. ಇದು ಲಿನಕ್ಸ್ ಹುಚ್ಚರ ಆಟಿಕೆ ಎನ್ನುವವರಿಗೆ ಅಷ್ಟು ಗೊತ್ತಿದ್ದರೆ ಸಾಕು. ಸರ್ವರಿನಲ್ಲಿ ನುಡಿ, ಬರಹ ಫಾಂಟ್ ಇಲ್ಲದಿದ್ದರೆ ಒತ್ತಕ್ಷರ ಕೆಡುತ್ತದೆ ಎಂಬ ಹೆದರಿಕೆಗೂ ಕಾರಣವಿಲ್ಲ. ಸರ್ವರಿಗೆ ಹೋಗುವ ಪಿಡಿಎಫ್‌ನಲ್ಲಿ ಫಾಂಟ್ ಸಾಮಾನ್ಯವಾಗಿ ಅಡಕವಾಗಿಯೇ ಬರುತ್ತದೆ.

ಸರ್ವರ್ ಬೇಕು ಎಂದು ಒಪ್ಪಿದವರ ಉಪದೇಶಗಳಲ್ಲೂ ತಕರಾರು ತೆಗೆಯಬೇಕಾದ್ದಿದೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ತಂದುಬಿಡಿ ಎನ್ನುತ್ತಾರೆ. ಆದರೆ ಎಲ್ಲ ಪ್ರಿಂಟರಿಗೂ ಅದು ಆಗದು. ಕ್ಯಾನನ್ ಕೊಟ್ಟ ಲಿನಕ್ಸ್ ಡ್ರೈವರ್ ಇಂಟೆಲ್ ಮಾದರಿಯ ಪ್ರೊಸೆಸರಿಗೆ ಮಾತ್ರ. ಪೈನ ಆರ್ಮ್ ಚಿಪ್‌ನಲ್ಲಿ ಓಡುವುದಿಲ್ಲ. 1020ಕ್ಕೆ ಪೈ ನಡೆಯುತ್ತದೆ, ಆದರೆ ಸ್ವಿಚ್ ಹಾಕಿದಾಗಲೆಲ್ಲ ಅದಕ್ಕೆ ಫರ್ಮ್‌ವೇರ್ ಕಳಿಸಬೇಕು ಎಂಬುದನ್ನು ಯಾರೂ ಮೊದಲೇ ಹೇಳುವುದಿಲ್ಲ. ವಿಂಡೋಸ್‌ಗಾಗಿ ‘ಸಾಂಬಾ’ ಎಂಬ ಶೇರಿಂಗ್ ತಂತ್ರಾಂಶ ಬೇಕೇ ಬೇಕೆಂಬುದೂ ಹಳೇ ಪಾಠ. ವಿಂಡೋಸ್ 10, 11ರಲ್ಲಿ ಸರ್ವರಿನ ಐಪಿಪಿ ವಿಳಾಸ ಕೊಟ್ಟು ಪ್ರಿಂಟರ್ ಸೇರಿಸಬಹುದು.

ಕಪ್ಸ್‌ ಬಳಗವೇನೂ ಹಾಲಿನಲ್ಲಿ ತೊಳೆದದ್ದಲ್ಲ. ಜಾಲದಲ್ಲಿ ಪ್ರಿಂಟರುಗಳನ್ನು ಹುಡುಕುವ ಅದರ ಜೊತೆಗಾರ ‘ಕಪ್ಸ್-ಬ್ರೌಸ್ಡ್’ ಎಲ್ಲಿಂದ ಬಂದ ಪ್ರಿಂಟರ್ ಸುದ್ದಿಯನ್ನೂ ನಂಬುತ್ತಿತ್ತೆಂಬುದು 2024ರ ಸೆಪ್ಟೆಂಬರ್‌ನಲ್ಲಿ ಬಯಲಾಯಿತು. ಯುಎಸ್‌ಬಿ ಪ್ರಿಂಟರನ್ನು ಹಂಚುವ ಸರ್ವರಿಗೆ ಅದರ ಅಗತ್ಯವಿಲ್ಲ, ತೆಗೆದುಹಾಕಿ. ಸರ್ವರಿನ ಐಪಿ ವಿಳಾಸವನ್ನು ರೂಟರಿನಲ್ಲಿ ಕಾಯಂ ಮಾಡಿ. 631ನೇ ಪೋರ್ಟನ್ನು ಮಾತ್ರ ಯಾವ ಕಾರಣಕ್ಕೂ ಹೊರಗಿನ ಇಂಟರ್ನೆಟ್ಟಿಗೆ ತೆರೆಯಬೇಡಿ.